ವೇಬ್ರಿಡ್ಜ್ ಕೋಣೆಯಲ್ಲಿ ಕೂರಲೊಲ್ಲದ ಲಿನಕ್ಸ್

ನಾನು ದುಡಿದ ಅಂಗಡಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಈಚೆಗೆ ಮನೆಗೆ ಬಂದಿದ್ದರು. ಡಿಪ್ಲೊಮಾ ಮುಗಿಸಿದವರು. ಕಂಪ್ಯೂಟರ್ ರಿಪೇರಿ ಕೆಲಸ ಹೇಗಿರುತ್ತದೆ ಮೇಡಂ ಎಂದು ಕೇಳಿದರು. ಸೊಂಟ ನೋವು ಬರುತ್ತದೆ ಎಂದೆ. ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ಈ ಕೆಲಸದಲ್ಲಿ ಅರ್ಧ ಆಯುಷ್ಯ ಮೇಜಿನ ಕೆಳಗೆ ಮಂಡಿಯೂರಿ ವೈರು ತಡಕುವುದರಲ್ಲಿ ಹೋಗುತ್ತದೆ. ಉಳಿದ ಅರ್ಧ ಬಸ್ಸಿನಲ್ಲಿ, ತೊಡೆಯ ಮೇಲೆ ಸಿಪಿಯು ಡಬ್ಬ ಇಟ್ಟುಕೊಂಡು. ಅವರು ಕಾಫಿ ಕುಡಿದು ಹೋದ ಮೇಲೆ ಇನ್ನೂ ಸ್ವಲ್ಪ ಹೇಳಬೇಕಿತ್ತು ಅನ್ನಿಸಿತು. ಅದಕ್ಕೇ ಬರೆಯಲು ಕೂತೆ.

ನನ್ನ ಊರು ಉಡಿಗಾಲ. ಚಾಮರಾಜನಗರಕ್ಕೆ ಟೈಪಿಂಗ್ ಕಲಿಯಲು ಬಂದವಳು ಟೈಪ್‌ರೈಟರ್ ರಿಪೇರಿ ಕಲಿತೆ. ಶಿವಣ್ಣ ಎಂಬುವವರ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಟೈಪ್‌ರೈಟರುಗಳ ಕಾಲ ಮುಗಿದು ಕಂಪ್ಯೂಟರುಗಳು ಬಂದಾಗ ಶಿವಣ್ಣ ಅಂಗಡಿಯ ಬೋರ್ಡು ಬದಲಾಯಿಸಿದರು. ನನ್ನನ್ನು ಬದಲಾಯಿಸಲಿಲ್ಲ. ಮೈಸೂರಿಗೆ ತರಬೇತಿಗೆ ಕಳಿಸಿದರು. ಹೆಂಗಸೊಬ್ಬಳು ಸ್ಕ್ರೂಡ್ರೈವರ್ ಹಿಡಿದು ಬಂದರೆ ಆಫೀಸುಗಳಲ್ಲಿ ಮೊದಲು ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಬಾಗಿಲ ಕಡೆ ನೋಡುತ್ತಿದ್ದರು. ಕ್ರಮೇಣ ಅಭ್ಯಾಸವಾಯಿತು, ಅವರಿಗೂ ನನಗೂ.

ತಪ್ಪುಗಳನ್ನು ಬೇಕಾದಷ್ಟು ಮಾಡಿದ್ದೇನೆ. ಸಹಕಾರ ಸಂಘವೊಂದರಲ್ಲಿ ಪರದೆ ಕಪ್ಪಾಗಿದೆ ಎಂದು ಕರೆದರು. ಡಿಸ್‌ಪ್ಲೇ ಕಾರ್ಡ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಮಧ್ಯಾಹ್ನದವರೆಗೂ ಒದ್ದಾಡಿದೆ. ಕಸ ಗುಡಿಸಲು ಬಂದವರು ಮಾನಿಟರ್ ಒರೆಸುವಾಗ ಬೆಳಕಿನ ಗುಂಡಿಯನ್ನು ಪೂರ್ತಿ ಇಳಿಸಿಬಿಟ್ಟಿದ್ದರು, ಅಷ್ಟೇ. ಶಾಲೆಯೊಂದರಲ್ಲಿ ಡಬ್ಬ ಬಿಚ್ಚಿದಾಗ ಪವರ್ ಸಪ್ಲೈ ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ಮೇಷ್ಟರು, ಮರಿ ಆಗಿ ಹೋದ ಮೇಲೆ ಬನ್ನಿ ಮೇಡಂ ಎಂದರು. ನಾನು ಹಾಗೇ ಮಾಡಿದೆ.

ಲಿನಕ್ಸ್ ನನ್ನ ಕೈಗೆ ಬಂದಿದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ನಮ್ಮ ಕಡೆಯ ಕಂಪ್ಯೂಟರುಗಳೆಲ್ಲ ಕಾಪಿ ಮಾಡಿದ ವಿಂಡೋಸಿನಲ್ಲಿ ನಡೆಯುತ್ತಿದ್ದವು. ಯಾರೋ ಪೆನ್ ಡ್ರೈವಿನಲ್ಲಿ ಸಿನಿಮಾ ತರುತ್ತಿದ್ದರು, ಅದರ ಜೊತೆ ವೈರಸ್ ಬರುತ್ತಿತ್ತು, ಹಿಂದೆಯೇ ನನಗೆ ಫೋನ್ ಬರುತ್ತಿತ್ತು. ಇದಕ್ಕೆ ಬೇಸತ್ತ ಗಿರಾಕಿಗಳಿಗೆ ವಿಂಡೋಸಿನ ಬದಲು ಲಿನಕ್ಸ್ ಹಾಕಿಕೊಡೋಣ ಎಂದು ಶಿವಣ್ಣ ತೀರ್ಮಾನಿಸಿದರು. ಅದಕ್ಕೆ ದುಡ್ಡು ಕೊಡಬೇಕಿಲ್ಲ ಎಂಬುದೂ ಅವರ ಮನಸ್ಸಿನಲ್ಲಿತ್ತು. ನಾನು ಮನೆಯಲ್ಲಿ ಹಳೆಯ ಡಬ್ಬವೊಂದರ ಮೇಲೆ ಹಾಕಿ, ಅಳಿಸಿ, ಮತ್ತೆ ಹಾಕಿ ಕಲಿತೆ. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ. ಕೆಟ್ಟರೆ ಸುಮ್ಮನೆ ನಿಂತುಬಿಡುವುದಿಲ್ಲ. ಯಾಕೆ ಕೆಟ್ಟೆ ಎಂದು ತನಗೆ ತಿಳಿದಷ್ಟನ್ನು ಬರೆದಿಡುತ್ತದೆ. ಓದುವ ತಾಳ್ಮೆ ನಮಗಿರಬೇಕು.

ಆ ತಾಳ್ಮೆ ನನಗೂ ಎಲ್ಲ ಕಾಲದಲ್ಲೂ ಇರಲಿಲ್ಲ. ಗುಂಡ್ಲುಪೇಟೆಯ ವೇಬ್ರಿಡ್ಜಿನ ಪ್ರಸಂಗವನ್ನು ಅದಕ್ಕಾಗಿಯೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗುಂಡ್ಲುಪೇಟೆಯಿಂದ ಕೇರಳಕ್ಕೆ ಟೊಮೆಟೊ, ಬೀನ್ಸ್, ಕೋಸು, ಈರುಳ್ಳಿ ತುಂಬಿದ ಲಾರಿಗಳು ದಿನವೂ ಹೋಗುತ್ತವೆ. ಹೋಗುವ ಮೊದಲು ವೇಬ್ರಿಡ್ಜಿನಲ್ಲಿ ತೂಕವಾಗಬೇಕು. ನೆಲದಲ್ಲಿ ಕೂರಿಸಿದ ದೊಡ್ಡ ಕಬ್ಬಿಣದ ಹಾಸಿನ ಮೇಲೆ ಲಾರಿ ಹತ್ತಿ ನಿಲ್ಲುತ್ತದೆ. ಪಕ್ಕದ ಕೋಣೆಯಲ್ಲಿರುವ ಸಣ್ಣ ಪೆಟ್ಟಿಗೆಯಲ್ಲಿ ತೂಕದ ಅಂಕಿ ಮೂಡುತ್ತದೆ. ಅದಕ್ಕೆ ಕಂಪ್ಯೂಟರ್ ಜೋಡಿಸಿದ್ದರೆ ಅಂಕಿ ನೇರವಾಗಿ ಚೀಟಿಯಲ್ಲಿ ಅಚ್ಚಾಗುತ್ತದೆ. ಕಂಪ್ಯೂಟರ್ ಇಲ್ಲದಿದ್ದರೆ ಪೆಟ್ಟಿಗೆ ನೋಡಿ ಕೈಯಲ್ಲಿ ಬರೆದುಕೊಡಬೇಕು.

ಹೆದ್ದಾರಿಯ ಪಕ್ಕದ ಆ ವೇಬ್ರಿಡ್ಜಿನ ಯಜಮಾನರು ಗುರುಮಲ್ಲಪ್ಪ. ಅಲ್ಲಿ ಕೂತು ತೂಕ ಮಾಡುತ್ತಿದ್ದವನು ಮಾದೇಶ, ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ವೇಬ್ರಿಡ್ಜ್ ಶುರುವಾದಾಗಿನಿಂದ ಅವನೇ ಇದ್ದ. ಅವರ ಹಳೆಯ ಕಂಪ್ಯೂಟರ್ ವೈರಸ್ ತಿಂದು, ಧೂಳು ತಿಂದು, ಕೊನೆಗೆ ಸತ್ತಿತು. ಹೊಸದು ಕಟ್ಟಿಕೊಡಿ, ವೈರಸ್ ಬರದಂಥದ್ದು ಬೇಕು ಎಂದು ಗುರುಮಲ್ಲಪ್ಪ ನಮ್ಮ ಅಂಗಡಿಗೆ ಹೇಳಿದರು. ತೂಕದ ತಂತ್ರಾಂಶ ಮಾಡಿದವರು ಲಿನಕ್ಸಿನಲ್ಲಿ ನಡೆಯುವುದನ್ನೂ ಕೊಡುತ್ತಿದ್ದರು.

ಬಿಡಿ ಭಾಗಗಳನ್ನು ತರಿಸಿ ಅಂಗಡಿಯಲ್ಲೇ ಹೊಸ ಕಂಪ್ಯೂಟರ್ ಜೋಡಿಸಿದೆವು. ಲಿನಕ್ಸ್ ಹಾಕಿದೆ. ಎಲ್ಲೂ ತಡೆಯದೆ ಹೋಯಿತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತೆರಕಣಾಂಬಿ ದಾರಿಯಲ್ಲಿ ಗುಂಡ್ಲುಪೇಟೆಗೆ ಒಯ್ದೆ. ದಾರಿಯಲ್ಲಿ ಅಲುಗಿರುತ್ತದೆಂದು ಅಲ್ಲಿ ಡಬ್ಬ ಬಿಚ್ಚಿ ವೈರುಗಳನ್ನೆಲ್ಲ ಒಮ್ಮೆ ಒತ್ತಿ, ಮುಚ್ಚಿ, ಜೋಡಿಸಿ ಬಂದೆ. ಸಂಜೆವರೆಗೆ ಚೀಟಿ ಕೊಟ್ಟಿತಂತೆ. ಬೆಳಿಗ್ಗೆ ಏಳಲೇ ಇಲ್ಲ.

ಹೊಸ ಯಂತ್ರ, ಒಂದೇ ದಿನಕ್ಕೆ ಹೀಗಾದರೆ ಮುಖ ತೋರಿಸುವುದು ಕಷ್ಟ. ಮರುದಿನವೇ ಹೋದೆ. ಡಿಸ್ಕಿನಲ್ಲಿದ್ದ ಫೈಲುಗಳು ಚೆಲ್ಲಾಪಿಲ್ಲಿಯಾಗಿದ್ದವು. ಅಲ್ಲೇ ಕೂತು ಲಿನಕ್ಸನ್ನು ಮೊದಲಿನಿಂದ ಹಾಕಲು ಶುರು ಮಾಡಿದೆ. ಅರ್ಧಕ್ಕೆ ನಿಂತಿತು, ತಪ್ಪಾಗಿದೆ ಎಂಬ ಸಂದೇಶ ಬಂತು. ಪುನಃ ಶುರು ಮಾಡಿದೆ. ಈ ಸಲ ಇನ್ನೂ ಬೇಗ ನಿಂತಿತು. ಪೆನ್ ಡ್ರೈವ್ ಸರಿಯಿಲ್ಲವೇನೋ ಎಂದು ಬೇರೆಯದರಲ್ಲಿ ನೋಡಿದೆ. ಅದು ಹತ್ತಿರ ಹತ್ತಿರ ಮುಗಿಯುವ ತನಕ ಹೋಗಿ ನಿಂತಿತು.

ಹೊಸಬರು ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಅದು ಸುಲಭದ ಕೇಸು. ಹಾಕುವ ಫೈಲಿನಲ್ಲೋ ಸೆಟ್ಟಿಂಗಿನಲ್ಲೋ ದೋಷ ಇರುತ್ತದೆ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ದೋಷ ಯಂತ್ರದ ಭಾಗದಲ್ಲಿರುತ್ತದೆ. ಅಷ್ಟು ನನಗೆ ಗೊತ್ತಿತ್ತು. ರ್‍ಯಾಮ್ ಇರಬೇಕು ಎಂದು ಅಂಗಡಿಗೆ ತಂದು ಪರೀಕ್ಷೆಗೆ ಹಚ್ಚಿದೆ. ರ್‍ಯಾಮ್ ಸರಿಯಿತ್ತು. ಅಂಗಡಿಯಲ್ಲಿ ಲಿನಕ್ಸ್ ಹಾಕಿದರೆ ನೀರು ಕುಡಿದಷ್ಟು ಸಲೀಸಾಗಿ ಕೂತಿತು. ತಿರುಗಿ ಗುಂಡ್ಲುಪೇಟೆಗೆ ಒಯ್ದೆ. ಎರಡು ದಿನಕ್ಕೆ ಮತ್ತೆ ಸತ್ತಿತು.

ಕೊನೆಗೆ ಉಳಿದ ಸಂದೇಶದಲ್ಲಿ ಡಿಸ್ಕಿಗೆ ಬರೆಯಲಾಗಲಿಲ್ಲ ಎಂದಿತ್ತು. ನಾನು ಅದನ್ನು ಡಿಸ್ಕ್ ಕೆಟ್ಟಿದೆ ಎಂದು ಓದಿಕೊಂಡು ಹೊಸ ಡಿಸ್ಕ್ ಹಾಕಿದೆ. ಗುಂಡ್ಲುಪೇಟೆಯಲ್ಲಿ ಅದರ ಮೇಲೂ ಲಿನಕ್ಸ್ ಕೂರಲಿಲ್ಲ. ಕೋಣೆಯ ಕರೆಂಟು ಪರೀಕ್ಷಿಸಿದೆ, ಅರ್ಥಿಂಗ್ ನೋಡಿದೆ, ಯುಪಿಎಸ್ ಬದಲಾಯಿಸಿದೆ. ಪ್ರತಿ ಸಲವೂ ಮಾದೇಶ ಎದುರಿನ ಅಂಗಡಿಯಿಂದ ಟೀ ತರಿಸಿಕೊಟ್ಟು, ನನ್ನ ಬೆನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದ. ಲಾರಿ ಬಂದರೆ ಕಿಟಕಿಗೆ ಹೋಗಿ ಅಂಕಿ ನೋಡಿ ಚೀಟಿ ಬರೆದು ಕೊಟ್ಟು ಬರುತ್ತಿದ್ದ.

"ನಿಂತೋಯ್ತಾ ಮೇಡಂ?" ಎಂದು ಕೇಳುತ್ತಿದ್ದ. ಹೂಂ ಎಂದರೆ ಟೀ ಲೋಟಗಳನ್ನು ಎತ್ತಿಕೊಂಡು ಹೋಗುತ್ತಿದ್ದ.

ಅಷ್ಟರಲ್ಲಿ ಊರಲ್ಲಿ ಮಾತು ಶುರುವಾಗಿತ್ತು. ಕೈಬರಹದ ಚೀಟಿಯಲ್ಲಿ ತೂಕ ಹೆಚ್ಚುಕಡಿಮೆ ಬರೆಯಬಹುದು. ತರಕಾರಿ ಮಂಡಿಯ ಒಬ್ಬಿಬ್ಬರು ವ್ಯಾಪಾರಿಗಳ ಜೊತೆ ಮಾದೇಶ ಒಳಗೊಳಗೇ ಮಾತಾಡಿಕೊಂಡಿದ್ದಾನೆ, ಅದಕ್ಕೇ ಕಂಪ್ಯೂಟರ್ ನಡೆಯಲು ಬಿಡುತ್ತಿಲ್ಲ ಎಂದು ಟೀ ಅಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು. ನನಗೂ ಕೇಳಿಸಿತ್ತು. ನನಗೆ ಅದರ ಬಗ್ಗೆ ಅಭಿಪ್ರಾಯ ಇರಲಿಲ್ಲ. ಯಂತ್ರ ಕೆಟ್ಟಾಗ ಜನ ಮೊದಲು ಅದರ ಪಕ್ಕ ಕೂತವರನ್ನೇ ನೋಡುತ್ತಾರೆ, ಅದನ್ನು ಎಲ್ಲ ಆಫೀಸುಗಳಲ್ಲೂ ಕಂಡಿದ್ದೆ. ಹಾಗೆಂದು ಪಕ್ಕ ಕೂತವರು ನಿಜವಾಗಿಯೂ ಕೆಡಿಸಿದ್ದನ್ನೂ ಕಂಡಿದ್ದೆ.

ಒಂದು ದಿನ ಹೊಸ ಪವರ್ ಸಪ್ಲೈ ತೆಗೆದುಕೊಂಡು ಹೋದೆ. ಅಂದು ಕೇರಳದಲ್ಲಿ ಹರತಾಳ. ಗುಂಡ್ಲುಪೇಟೆಯಲ್ಲಿ ಲಾರಿಗಳೆಲ್ಲ ರಸ್ತೆ ಬದಿ ನಿಂತು ಡ್ರೈವರುಗಳು ನೆರಳಲ್ಲಿ ಇಸ್ಪೀಟ್ ಆಡುತ್ತಿದ್ದರು. ತೂಕಕ್ಕೆ ಯಾರೂ ಬರುವುದಿಲ್ಲವೆಂದು ಮಾದೇಶ ರಜೆ ಹಾಕಿದ್ದ. ಗುರುಮಲ್ಲಪ್ಪನವರೇ ಬಂದು ಬೀಗ ತೆಗೆದುಕೊಟ್ಟರು. ಪವರ್ ಸಪ್ಲೈ ಹಾಕಿ, ಎಂದಿನಂತೆ ವೈರುಗಳನ್ನು ಒತ್ತಿ, ಲಿನಕ್ಸ್ ಹಾಕಲು ಕೂತೆ. ಎಲ್ಲೂ ನಿಲ್ಲದೆ ಪೂರ್ತಿಯಾಯಿತು. ಎರಡನೇ ಸಲ ಅಳಿಸಿ ಹಾಕಿ ನೋಡಿದೆ. ಆಗಲೂ ಸರಿಹೋಯಿತು. ಪವರ್ ಸಪ್ಲೈನದೇ ದೋಷ, ಸಿಕ್ಕಿತು ಎಂದು ಯಜಮಾನರಿಗೆ ಹೇಳಿ ಖುಷಿಯಿಂದ ಬಸ್ಸು ಹತ್ತಿದೆ.

ಮರುದಿನ ಮಧ್ಯಾಹ್ನ ಗುರುಮಲ್ಲಪ್ಪ ಫೋನ್ ಮಾಡಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದು ಸಿಟ್ಟಿಗಿಂತ ಕೆಟ್ಟದ್ದು.

"ಕೆಡ್ತು ಕಣಮ್ಮ. ಈಗ ನಂಗೆ ಗೊತ್ತಾಯ್ತು, ನಿಮ್ದೇನೂ ತಪ್ಪಿಲ್ಲ. ನಿಮ್ಮಂಗ್ಡೀಲಿ ಇದ್ರೆ ಸರಿಯಾಗಿರ್ತದೆ. ನೆನ್ನೆ ಇಲ್ಲೂ ಸರಿಯಾಗಿತ್ತು. ನೆನ್ನೆ ಯಾರು ಇರ್ನಿಲ್ಲ ಏಳಿ? ಅವನಿರ್ನಿಲ್ಲ. ಇವತ್ತು ಬಂದ, ಇವತ್ತು ಕೆಡ್ತು."

ಬಂದು ನೋಡುತ್ತೇನೆ ಎಂದೆ.

"ಬನ್ನಿ. ಶುಕ್ರವಾರ ಲೆಕ್ಕ ಮುಗ್ಸಿ ಅವನ್ನ ಕಳಿಸ್ತೀನಿ. ಆಮೇಲೆ ನೀವು ಹಾಕ್ಕೊಡಿ."

ವಿಷಯ ಶಿವಣ್ಣನವರಿಗೂ ಮುಟ್ಟಿತ್ತು. ಅವರಿಗೆ ಒಂದು ರೀತಿ ಸಮಾಧಾನವೇ ಆಗಿತ್ತು. ವಾರಂಟಿಯಲ್ಲಿ ಇಷ್ಟು ಸಲ ಓಡಾಡಿದ್ದು, ಭಾಗಗಳನ್ನು ಬದಲಾಯಿಸಿದ್ದು ಎಲ್ಲ ಅಂಗಡಿಯ ತಲೆಯ ಮೇಲೆ ಬಂದಿತ್ತು. ಶುಕ್ರವಾರ ನಾನು ಹೊರಡುವಾಗ ಸರ್ವಿಸ್ ರಿಪೋರ್ಟಿನ ಪುಸ್ತಕ ಕೈಗಿತ್ತು ಹೇಳಿದರು.

"ಜಯಮ್ಮ, ಬಳಸೋರ ಕಡೆಯಿಂದ ತೊಂದ್ರೆ ಆಗಿದೆ ಅಂತ ಒಂದ್ ಸಾಲು ಬರೆದು ಅವ್ರ ಸೈನ್ ತಗೊಂಡ್ ಬಾ. ನಮ್ ಕಡೆ ಮುಗಿದೋಯ್ತದೆ."

"ಅವನು ಮಾಡಿದ್ದು ನಾನು ನೋಡಿಲ್ಲ ಶಿವಣ್ಣ."

"ಮಾಡಿಲ್ಲ ಅನ್ನೋದನ್ನೂ ನೋಡಿಲ್ವಲ್ಲ."

ಅದೂ ನಿಜವಾಗಿತ್ತು. ಶಿವಣ್ಣ ಕೆಟ್ಟವರಲ್ಲ. ನನ್ನ ಮಗಳ ಕಾಲೇಜಿನ ಫೀಸು ಕಟ್ಟಲಾಗದಿದ್ದಾಗ ಕೇಳದೆಯೇ ಕೊಟ್ಟವರು. ಅಂಗಡಿ ನಡೆಸುವವರ ತಲೆ ಹಾಗೆ ಓಡುತ್ತದೆ. ಎಲ್ಲರೂ ಒಪ್ಪುವ ಕಾರಣವೊಂದು ಸಿಕ್ಕಿದಾಗ ಅದನ್ನು ಬರೆದುಬಿಡುವ ಒತ್ತಡ ಈ ಕೆಲಸದಲ್ಲಿ ಮತ್ತೆ ಮತ್ತೆ ಬರುತ್ತದೆ. ನಾನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಅದರ ಜೊತೆಗೆ, ಅಭ್ಯಾಸಬಲದಿಂದ, ಇನ್ನೂ ಬದಲಾಯಿಸದೆ ಉಳಿದಿದ್ದ ಸಣ್ಣಪುಟ್ಟ ಭಾಗಗಳನ್ನೂ ಹಾಕಿಕೊಂಡೆ.

ಬಸ್ಸಿನಲ್ಲಿ ಗುರುಮಲ್ಲಪ್ಪನವರ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮಾದೇಶ ಇದ್ದಾಗ ಕೆಡುತ್ತದೆ, ಇಲ್ಲದಾಗ ಕೆಡುವುದಿಲ್ಲ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನನ್ನ ಬೆನ್ನ ಹಿಂದೆ ನಿಂತವನು ನನ್ನ ಕಣ್ಣೆದುರಿಗಿದ್ದ ಯಂತ್ರವನ್ನು ಹೇಗೆ ನಿಲ್ಲಿಸುತ್ತಾನೆ? ಕಿಟಕಿಗೆ ಹೋಗಿ ಬರುವಾಗ ಸ್ವಿಚ್ ಏನಾದರೂ ಒತ್ತುತ್ತಾನೆಯೇ? ಸ್ವಿಚ್ ಒತ್ತಿದರೆ ಎಲ್ಲವೂ ಆರಬೇಕು. ಆರುತ್ತಿರಲಿಲ್ಲ. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಟೊಮೆಟೊ ಕ್ರೇಟು ತುಂಬುತ್ತಿದ್ದ ಲಾರಿಯೊಂದು ಕಿಟಕಿಯ ಪಕ್ಕದಲ್ಲೇ ಇತ್ತು. ಅದನ್ನು ನೋಡುತ್ತಾ ಕೂತಿದ್ದಾಗ ಹರತಾಳದ ದಿನ ಮಾದೇಶ ಯಾಕೆ ರಜೆ ಹಾಕಿದ್ದ ಎಂಬುದು ನೆನಪಾಯಿತು. ಲಾರಿಗಳು ಇಲ್ಲದ್ದರಿಂದ ಅವನು ಇರಲಿಲ್ಲ. ನಮ್ಮ ಅಂಗಡಿಯಲ್ಲೂ ಲಾರಿಗಳು ಇರಲಿಲ್ಲ.

ಅಷ್ಟಕ್ಕೇ ಉತ್ತರ ಸಿಕ್ಕಿತು ಎಂದೇನೂ ಅಲ್ಲ. ಪವರ್ ಸಪ್ಲೈ ಎಂದು ನಾನು ಒಮ್ಮೆ ಹೇಳಿ ಮುಖಭಂಗವಾಗಿತ್ತು. ಮತ್ತೊಮ್ಮೆ ಹೇಳುವ ಮೊದಲು ಮಾದೇಶನನ್ನೂ ಲಾರಿಗಳನ್ನೂ ಬೇರೆ ಬೇರೆ ಮಾಡಿ ನೋಡಬೇಕಿತ್ತು.

ಗುಂಡ್ಲುಪೇಟೆಯಲ್ಲಿ ಇಳಿದು ನೋಡಿದರೆ ಗುರುಮಲ್ಲಪ್ಪ ಆಗಲೇ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾದೇಶ ಕಿಟಕಿಯ ಬಳಿ ನಿಂತಿದ್ದ. ಇಬ್ಬರ ನಡುವೆ ಮಾತು ಮುಗಿದಿತ್ತು ಎಂದು ನೋಡಿದ ಕೂಡಲೇ ತಿಳಿಯಿತು. ಮಾದೇಶನ ಬಳಿ ಇರುತ್ತಿದ್ದ ಕೋಣೆಯ ಕೀ ಮೇಜಿನ ಮೇಲಿತ್ತು.

"ಯಜಮಾನ್ರೇ, ಮಾದೇಶಣ್ಣ ಸ್ವಲ್ಪ ಹೊತ್ತು ಎದುರಿನ ಟೀ ಅಂಗಡಿಯಲ್ಲಿ ಕೂತಿರಲಿ. ಲಾರಿ ಬಂದರೆ ಚೀಟಿ ನೀವೇ ಬರೆದುಕೊಡಿ. ಇಲ್ಲಿಂದ ಏಳಬೇಡಿ" ಎಂದೆ.

ಮಾದೇಶ ನನ್ನ ಮುಖ ನೋಡಿದ. ನಾನೂ ಅವನನ್ನು ಹೊರಗೆ ಹಾಕುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿರಬೇಕು. ಚಪ್ಪಲಿ ಮೆಟ್ಟಿಕೊಂಡು ಹೋಗಿ ರಸ್ತೆಯ ಆಚೆ ಬೆಂಚಿನ ಮೇಲೆ ನಮಗೆ ಕಾಣುವ ಹಾಗೆ ಕೂತ.

ಲಿನಕ್ಸ್ ಹಾಕಲು ಶುರು ಮಾಡಿದೆ. ಈ ಸಲ ಬಣ್ಣದ ಪರದೆಯನ್ನು ಬಿಟ್ಟು ಅದರ ಹಿಂದಿನ ಕಪ್ಪು ಪರದೆ ತೆರೆದುಕೊಂಡೆ. ಒಳಗೆ ನಡೆಯುವುದನ್ನೆಲ್ಲ ಯಂತ್ರ ಅಲ್ಲಿ ಸಾಲುಸಾಲಾಗಿ ಬರೆಯುತ್ತಾ ಹೋಗುತ್ತದೆ. ಅಲ್ಲಿಯವರೆಗೆ ನಾನು ಎಲ್ಲ ಮುಗಿದ ಮೇಲೆ ಕೊನೆಯ ಸಾಲನ್ನಷ್ಟೇ ಓದುತ್ತಿದ್ದೆ. ಈಗ ಅದು ಬರೆಯುವಾಗಲೇ ನೋಡೋಣ ಎಂದು ಕೂತೆ. ಸಾಲುಗಳು ಶಾಂತವಾಗಿದ್ದವು. ಗುರುಮಲ್ಲಪ್ಪ ಒಮ್ಮೆ ಪರದೆ ನೋಡುವರು, ಒಮ್ಮೆ ರಸ್ತೆಯ ಆಚೆಗೆ ನೋಡುವರು.

"ನೋಡಿ, ಅವನಿಲ್ದಿದ್ರೆ ಎಂಗೆ ಓಯ್ತಾ ಅದೆ" ಎಂದರು.

ಆಗ ಲಾರಿ ಬಂತು. ಕೋಸು ತುಂಬಿದ ಲಾರಿ. ಡ್ರೈವರ್ ಬಶೀರ್ ಎಂಬ ಮಲಯಾಳಿ, ಅಲ್ಲಿಗೆ ದಿನಾ ಬರುವವನು, ನನ್ನನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದ. ಲಾರಿ ಕಬ್ಬಿಣದ ಹಾಸಿನ ಮೇಲೆ ಹತ್ತಿ ಬ್ರೇಕ್ ಹಾಕಿತು. ಕಿಟಕಿಯ ಗಾಜು ಗಡಗಡ ಎಂದಿತು. ಅದು ಅಲ್ಲಿ ದಿನವೆಲ್ಲ ಕೇಳುವ ಸದ್ದು, ಯಾರೂ ಲಕ್ಷ್ಯ ಕೊಡುತ್ತಿರಲಿಲ್ಲ, ನಾನೂ ಅಲ್ಲಿಯವರೆಗೆ ಕೊಟ್ಟಿರಲಿಲ್ಲ. ಕಂಪ್ಯೂಟರ್ ಇಟ್ಟಿದ್ದ ಕಡಪ ಕಲ್ಲು ಅದೇ ಕಿಟಕಿಯ ಗೋಡೆಗೆ ಕೂರಿಸಿದ್ದು. ಕಪ್ಪು ಪರದೆಯಲ್ಲಿ ಒಂದೇ ಏಟಿಗೆ ಸಾಲುಗಳು ಮೇಲೆ ಹಾರಿದವು. ಡಿಸ್ಕಿನ ಸಂಪರ್ಕ ತಪ್ಪಿದೆ, ಮತ್ತೆ ಜೋಡಿಸಲು ನೋಡುತ್ತಿದ್ದೇನೆ ಎಂದು ಯಂತ್ರ ಬರೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಸಂಪರ್ಕ ಬಂತು. ಲಾರಿ ಇಳಿಯುವಾಗ ಮತ್ತೆ ತಪ್ಪಿತು. ಆಮೇಲೆ ಬರಲಿಲ್ಲ. ಬಣ್ಣದ ಪರದೆಗೆ ಹೋಗಿ ನೋಡಿದರೆ ಹಳೆಯ ಸಂದೇಶವೇ ನಿಂತಿತ್ತು.

"ನಿಂತ್ಬುಡ್ತಾ?" ಎಂದರು ಗುರುಮಲ್ಲಪ್ಪ.

"ನಿಂತಿತು. ಅವನು ಅಲ್ಲೇ ಇದ್ದಾನೆ ನೋಡಿ."

ಅವರು ನೋಡಿದರು. ಮಾದೇಶ ಬೆಂಚಿನಿಂದ ಎದ್ದಿರಲಿಲ್ಲ.

ನಾನು ಹೊರಗೆ ಹೋಗಿ ಬಶೀರನನ್ನು ಕೇಳಿಕೊಂಡೆ. ಹೊಸದಾಗಿ ಶುರು ಮಾಡುತ್ತೇನೆ, ನಾನು ಕೈ ತೋರಿಸಿದಾಗ ಲಾರಿಯನ್ನು ಇನ್ನೊಮ್ಮೆ ಹತ್ತಿಸಿ ಇಳಿಸು ಎಂದೆ.

"ಚೇಚಿ, ನಂದು ಲೋಡ್ ಆಯ್ತು. ಬಂಡೀಪುರ ಗೇಟ್ ಹಾಕೋ ಮುಂಚೆ ದಾಟ್ಬೇಕು."

"ಮಧ್ಯಾಹ್ನವೂ ಆಗಿಲ್ಲ ಬಶೀರ್. ಕಾಡಿನ ಗೇಟು ಹಾಕೋದು ರಾತ್ರಿ."

"ಏನಕ್ಕೆ ಹತ್ತಿಸೋದು? ತೂಕ ಆಯ್ತಲ್ಲ."

"ಮಾದೇಶನ ಕೆಲಸದ ವಿಷಯ."

ಅವನು ರಸ್ತೆಯ ಆಚೆ ಒಮ್ಮೆ ನೋಡಿದ. ಟೀ ಅಂಗಡಿಯ ಮಾತು ಅವನ ಕಿವಿಗೂ ಬಿದ್ದಿರಬೇಕು. ಮತ್ತೇನೂ ಕೇಳದೆ ಗಾಡಿ ಹತ್ತಿದ.

ಮತ್ತೆ ಶುರು ಮಾಡಿದೆ. ಲಾರಿ ದೂರ ಇರುವಾಗ ಬೇಕೆಂದೇ ಕಾದೆ. ಸಾಲುಗಳು ಶಾಂತವಾಗಿದ್ದವು. ಕಿಟಕಿಯಿಂದ ಕೈ ತೋರಿಸಿದೆ. ಲಾರಿ ಹತ್ತಿತು, ಬ್ರೇಕ್ ಹಾಕಿತು, ಸಾಲುಗಳು ಹಾರಿದವು. ಗುರುಮಲ್ಲಪ್ಪ ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಬಂದರು. ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ಹಾಗೇ ಆಯಿತು.

ಡಬ್ಬ ಬಿಚ್ಚಿದೆ. ಮದರ್‌ಬೋರ್ಡಿನಿಂದ ಡಿಸ್ಕಿಗೆ ಹೋಗುವ ಕೇಬಲ್ಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ಅಲುಗಿಸಿದೆ. ಒತ್ತಿದರೆ ಗಟ್ಟಿಯಾಗಿ ಕೂತ ಹಾಗೇ ಅನ್ನಿಸುತ್ತಿತ್ತು. ಪಕ್ಕಕ್ಕೆ ಅಲುಗಿಸಿದರೆ ಮಾತ್ರ ಬಾಯಿ ಸಡಿಲವಾಗಿರುವುದು ತಿಳಿಯುತ್ತಿತ್ತು. ಹಿಡಿದುಕೊಳ್ಳುವ ಕ್ಲಿಪ್ಪೂ ಅದಕ್ಕಿರಲಿಲ್ಲ. ಡಿಸ್ಕ್ ಬದಲಾಯಿಸಿದಾಗಲೂ ಹಳೆಯ ಕೇಬಲ್ಲನ್ನೇ ಹೊಸ ಡಿಸ್ಕಿಗೆ ಸಿಕ್ಕಿಸಿದ್ದೆ. ಬೆಲೆಬಾಳುವ ಭಾಗಗಳನ್ನು ಒಂದೊಂದಾಗಿ ಬದಲಾಯಿಸಿ, ಲೆಕ್ಕಕ್ಕೇ ಇಲ್ಲದ ವೈರನ್ನು ಉಳಿಸಿಕೊಂಡಿದ್ದೆ. ಬಸ್ಸಿನಿಂದ ಇಳಿದಾಗಲೆಲ್ಲ ಒತ್ತುತ್ತಿದ್ದರಿಂದ ಸ್ವಲ್ಪ ಹೊತ್ತು ನಡೆಯುತ್ತಿತ್ತು. ಲಾರಿಗಳು ಅಲುಗಿಸಿ ಅಲುಗಿಸಿ ಅದನ್ನು ಜಾರಿಸುತ್ತಿದ್ದವು.

ಚೀಲದಲ್ಲಿದ್ದ ಕ್ಲಿಪ್ ಇರುವ ಕೇಬಲ್ ಹಾಕಿದೆ. ಡಬ್ಬವನ್ನು ಕಡಪ ಕಲ್ಲಿನಿಂದ ತೆಗೆದು ಒಳಗೋಡೆಯ ಬದಿ ಮರದ ಸ್ಟೂಲಿನ ಮೇಲೆ, ಅಡಿಗೆ ರಬ್ಬರ್ ಹಾಸಿ ಇಟ್ಟೆ. ಅಷ್ಟರಲ್ಲಿ ಬಶೀರ್ ಹೊರಟಿದ್ದ, ಬೇರೆ ಲಾರಿಗಳು ಸಾಲಾಗಿ ಬರುತ್ತಿದ್ದವು. ಒಂದಾದ ಮೇಲೊಂದು ಹತ್ತಿ ಇಳಿದವು. ಲಿನಕ್ಸ್ ತನ್ನ ಪಾಡಿಗೆ ತಾನು ಕೂತಿತು. ತೂಕದ ತಂತ್ರಾಂಶ ಹಾಕಿ, ಪ್ರಿಂಟರ್ ಜೋಡಿಸಿ, ಮೊದಲ ಚೀಟಿ ಅಚ್ಚಾದಾಗ ಗುರುಮಲ್ಲಪ್ಪ ಅದನ್ನು ತೆಗೆದು ನೋಡಿ ಡ್ರೈವರಿಗೆ ಕೊಟ್ಟರು.

ಆಮೇಲೆ ಬಾಗಿಲಲ್ಲಿ ನಿಂತು ಕೂಗಿದರು. "ಬಾರ್ಲಾ ಮಾದೇಶ. ಕೀ ಎತ್ಕೊ."

ಮಾದೇಶ ಬಂದ. ಕೀ ಎತ್ತಿಕೊಳ್ಳಲಿಲ್ಲ. ನಾನು ಸರ್ವಿಸ್ ರಿಪೋರ್ಟ್ ಬರೆಯುತ್ತಿದ್ದೆ. ಡಿಸ್ಕಿನ ಕೇಬಲ್ ಸಡಿಲ, ಬದಲಾಯಿಸಲಾಗಿದೆ ಎಂದು ಬರೆದು ಮುಗಿಸಿದ್ದೆ.

"ಅದ್ರಲ್ಲಿ ನಂದೇನಾರ ಬರೆದಿದ್ದೀರಾ ಮೇಡಂ?"

"ಇಲ್ಲ."

"ಒಂದ್ ಮಾತು ಬರೀರಿ. ನಾನೇನೂ ಮಾಡಿಲ್ಲ ಅಂತವ."

ಆ ಫಾರಂನಲ್ಲಿ ಅಂಥದ್ದಕ್ಕೆ ಜಾಗ ಇರುವುದಿಲ್ಲ. ಯಂತ್ರದ ಬಗ್ಗೆ ಬರೆಯಲು ಮಾತ್ರ ಇರುತ್ತದೆ. ನಾನು ಕೆಳಗಿನ ಖಾಲಿ ಜಾಗದಲ್ಲಿ, ಆಪರೇಟರ್ ಮಾದೇಶ ಅವರಿಂದ ಯಾವುದೇ ತಪ್ಪು ನಡೆದಿಲ್ಲ ಎಂದು ಬರೆದು ಗಿರಾಕಿಯ ಸಹಿಗಾಗಿ ಗುರುಮಲ್ಲಪ್ಪನವರ ಮುಂದೆ ಇಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ಓದಿದರು.

"ಇದೆಲ್ಲ ಯಾಕಮ್ಮ? ಕೀ ಎತ್ಕೊ ಅಂದೆನಲ್ಲ" ಎಂದರು.

ನಾನು ಪೆನ್ನನ್ನು ಅವರ ಮುಂದೆ ಇಟ್ಟೆ. ಹೊರಗೆ ಲಾರಿಯೊಂದು ಹಾರ್ನ್ ಹಾಕುತ್ತಿತ್ತು. ಗುರುಮಲ್ಲಪ್ಪ ಸಹಿ ಹಾಕಿದರು. ಗಿರಾಕಿಗೆ ಕೊಡುವ ಹಳದಿ ಪ್ರತಿಯನ್ನು ಹರಿದು ಅವರಿಗೆ ಕೊಟ್ಟೆ. ಅವರು ಅದನ್ನು ಮಾದೇಶನ ಕಡೆ ಸರಿಸಿದರು. ಅವನು ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಕುರ್ಚಿಯಲ್ಲಿ ಕೂತು, ಹಾರ್ನ್ ಹಾಕುತ್ತಿದ್ದ ಲಾರಿಯ ತೂಕ ಮಾಡಿದ.

ಶಿವಣ್ಣ ರಿಪೋರ್ಟ್ ನೋಡಿ, "ಕೇಬಲ್ಲಾ?" ಎಂದು ಕೇಳಿದರು. ಹೌದೆಂದೆ. ಅಂದಿನಿಂದ ನಮ್ಮ ಅಂಗಡಿಯಲ್ಲಿ ಕ್ಲಿಪ್ ಇಲ್ಲದ ಕೇಬಲ್ ತರಿಸುವುದನ್ನು ನಿಲ್ಲಿಸಿದರು. ಆ ವಿಷಯಕ್ಕೆ ಅವರು ಆಡಿದ್ದು ಅಷ್ಟೇ.

ಕೆಲವು ವಾರಗಳ ಮೇಲೆ ಗುಂಡ್ಲುಪೇಟೆಯಲ್ಲಿ ಬೇರೆ ಕೆಲಸವಿತ್ತು. ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಮಾದೇಶ ಕಂಡ. ಬಂದು ಪಕ್ಕದಲ್ಲಿ ಕೂತ. ಕಂಪ್ಯೂಟರ್ ಹೇಗಿದೆ ಎಂದು ಕೇಳಿದೆ.

"ಚೆನ್ನಾಗದೆ ಮೇಡಂ. ನಾನು ಬುಟ್ಬುಡ್ತಾ ಇವ್ನಿ. ಬೇರೆಯವ್ನಿಗೆ ಕಲಿಸ್ಕೊಡ್ತಾ ಇವ್ನಿ, ಅವ್ನು ಕಲ್ತ್ಮೇಲೆ ಓಯ್ತೀನಿ."

"ಯಾಕೆ, ಯಜಮಾನರು ಏನಾದರೂ ಅಂದರಾ?"

"ಏನೂ ಅನ್ನಲ್ಲ. ಮೊದಲ್ಗಿಂತ ಚೆನ್ನಾಗೇ ಮಾತಾಡಿಸ್ತಾರೆ. ಹಬ್ಬಕ್ಕೆ ಬಟ್ಟೆ ಕೊಟ್ರು. ಆದ್ರೆ ಇಷ್ಟ್ ವರ್ಸ ನನ್ನ ನೋಡಿದ್ರು. ಆ ವಯರು ಸಿಕ್ದೇ ಓಗಿದ್ರೆ ನಾನು ಕಳ್ಳನೇ ಅಲ್ವಾ ಮೇಡಂ? ಅಲ್ಲಿ ಕೂತ್ಕಂಡು ಚೀಟಿ ಕೊಡುವಾಗೆಲ್ಲ ಅದೇ ನೆಪ್ಪಾಯ್ತದೆ."

ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದೆ.

"ಬದನಗುಪ್ಪೇಲಿ ಫ್ಯಾಕ್ಟ್ರಿ ಗೇಟಲ್ಲಿ ತೂಕದ ಕೆಲ್ಸ ಅದೆ. ಬಾ ಅಂದವ್ರೆ." ನನ್ನ ಬಸ್ಸು ಬಂತು. ನನ್ನ ಚೀಲವನ್ನು ಅವನೇ ಎತ್ತಿ ಕೊಟ್ಟು, ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದ. "ಅಲ್ಲೂ ಕಂಪ್ಯೂಟ್ರು ಇರ್ತದೆ ಮೇಡಂ. ಕೆಟ್ರೆ ನಿಮ್ಗೇ ಫೋನ್ ಮಾಡ್ತೀನಿ. ಅವತ್ತೇ ಬಂದ್ಬುಡಿ. ಯಾರಾರ ಏನಾರ ಅನ್ನಕ್ ಮುಂಚೆ."

ನಾನು ಕೆಲಸ ಬಿಡುವವರೆಗೆ ಅವನಿಂದ ಎರಡು ಸಲ ಫೋನ್ ಬಂತು. ಒಮ್ಮೆ ಪ್ರಿಂಟರ್ ಕೆಟ್ಟಿತ್ತು, ಇನ್ನೊಮ್ಮೆ ಇಲಿ ವೈರು ಕಡಿದಿತ್ತು. ಎರಡು ಸಲವೂ ಕೈಯಲ್ಲಿದ್ದ ಕೆಲಸ ಬಿಟ್ಟು ಅಂದೇ ಹೋದೆ.